ಚಂಡಮಾರುತದ ನಂತರದ ಪುನರ್ನಿರ್ಮಾಣ: ಕೌಂಟಿಯ ಯೋಜನೆಯಲ್ಲಿ ಮೊದಲೇ ಏನೇನು ತೀರ್ಮಾನ ಆಗಿರಬೇಕು?

ಗಲ್ಫ್‌ತೀರ

ಫ್ಲೋರಿಡಾದ ಪಶ್ಚಿಮ ಕರಾವಳಿಯ ನಮ್ಮ ಕೌಂಟಿ (ಅಮೆರಿಕದಲ್ಲಿ ಜಿಲ್ಲೆಯಂಥ ಆಡಳಿತ ಘಟಕ) ವಿಪತ್ತಿನ ನಂತರದ ಪುನರಭಿವೃದ್ಧಿ ಯೋಜನೆಯನ್ನು ಹೊಸದಾಗಿ ಬರೆಯುತ್ತಿದೆ. ನಾಗರಿಕರ ಸಲಹಾ ಸಮಿತಿಯಲ್ಲಿ ನಾನೂ ಇದ್ದೇನೆ. ಜನರನ್ನು ಸ್ಥಳಾಂತರಿಸುವುದು, ಆಶ್ರಯ ಕೇಂದ್ರ ನಡೆಸುವುದು ಇದಕ್ಕೆಲ್ಲ ಬೇರೆ ಯೋಜನೆ ಇದೆ, ಅದು ಚೆನ್ನಾಗಿಯೇ ಇದೆ. ನನ್ನ ಪ್ರಶ್ನೆ ನೀರು ಇಳಿದ ಮೇಲಿನ ಐದು-ಹತ್ತು ವರ್ಷಗಳದ್ದು. ಕರಡಿನ ತುಂಬ "ಸಮನ್ವಯ ಸಾಧಿಸಲಾಗುವುದು", "ಪರಿಶೀಲಿಸಲಾಗುವುದು" ಅನ್ನುವ ವಾಕ್ಯಗಳೇ. ಯಾರು ಮಾಡುತ್ತಾರೆ, ಯಾವ ದುಡ್ಡಿನಲ್ಲಿ, ಎಷ್ಟು ದಿನದೊಳಗೆ ಅನ್ನುವುದು ಎಲ್ಲೂ ಇಲ್ಲ. ಬಿರುಗಾಳಿ ಬರುವ ಮೊದಲೇ ಖಡಾಖಂಡಿತವಾಗಿ ಬರೆದಿಡಬೇಕಾದ್ದು ಯಾವುದು? ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ? ಯೋಜನಾ ಇಲಾಖೆ, ಕಟ್ಟಡ ಇಲಾಖೆ, ಅನುದಾನದ ಲೆಕ್ಕಪತ್ರ ಇಂಥ ಕಡೆ ಕೆಲಸ ಮಾಡುವವರು ದಯವಿಟ್ಟು ಬರೆಯಿರಿ.

ನಕ್ಷೆಮನೆ

ಮೊದಲು ಅಧಿಕಾರದ ಪ್ರಶ್ನೆ ಬಗೆಹರಿಸಿಕೊಳ್ಳಿ. ನಮ್ಮೂರಿನಲ್ಲಿ ನೆರೆ ಬಂದರೆ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಿ ನಿಂತರೆ ಸಾಕು, ಇಡೀ ಜಿಲ್ಲೆಗೆ ಅವರೇ ಹೊಣೆ. ಇಲ್ಲಿ ಅಂಥ ಹುದ್ದೆಯೇ ಇಲ್ಲ. ಚುನಾಯಿತ ಕಮಿಷನರ್‌ಗಳ ಮಂಡಳಿ, ಅವರು ನೇಮಿಸಿದ ಆಡಳಿತಾಧಿಕಾರಿ, ಅಷ್ಟೇ. ಕೌಂಟಿಯೊಳಗಿನ ನಗರಗಳಿಗೆ ಅವುಗಳದೇ ಕೌನ್ಸಿಲ್, ಅವುಗಳದೇ ಪರ್ಮಿಟ್ ಕಚೇರಿ. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಅಪ್ಪಳಿಸಿದ ಲೀ ಕೌಂಟಿಯನ್ನೇ ನೋಡಿ. ಸ್ಯಾನಿಬೆಲ್, ಫೋರ್ಟ್ ಮೈಯರ್ಸ್ ಬೀಚ್, ಕೇಪ್ ಕೋರಲ್, ಬೊನೀಟಾ ಸ್ಪ್ರಿಂಗ್ಸ್, ಎಸ್ಟೆರೊ, ಫೋರ್ಟ್ ಮೈಯರ್ಸ್ ಎಲ್ಲ ಒಂದೇ ಕೌಂಟಿಯಲ್ಲಿದ್ದರೂ ಮನೆ ಕಟ್ಟಲು ಅನುಮತಿ ಕೊಡುವವರು ಬೇರೆ ಬೇರೆ. ಕೌಂಟಿ ಬರೆದ ಯೋಜನೆಗೆ ನಗರಗಳು ಸಹಿ ಹಾಕದಿದ್ದರೆ ಅದು ನಗರದ ಗಡಿಯಲ್ಲೇ ನಿಂತುಬಿಡುತ್ತದೆ. ಹಾಗಾಗಿ ಅಂತರ-ಸ್ಥಳೀಯ ಒಪ್ಪಂದಗಳು ಈಗಲೇ ಆಗಲಿ: ಇನ್‌ಸ್ಪೆಕ್ಟರ್‌ಗಳನ್ನು ಹಂಚಿಕೊಳ್ಳುವುದು, ಡೆಬ್ರಿ (ಬಿರುಗಾಳಿ ಉಳಿಸಿಹೋದ ಅವಶೇಷ, ಕಸ) ಹಾಕುವ ಜಾಗ, ಹಾನಿಯ ಮಾಹಿತಿಯನ್ನು ಒಂದೇ ನಮೂನೆಯಲ್ಲಿ ಇಡುವುದು, ಈ ಮೂರಾದರೂ ಇರಲಿ.

ಎರಡನೆಯದು, ಪುನರ್ನಿರ್ಮಾಣದ ಹೊಣೆ ಹೊರುವ ಅಧಿಕಾರಿಯ ಹುದ್ದೆಯನ್ನು ಆರ್ಡಿನೆನ್ಸ್‌ನಲ್ಲೇ (ಕೌಂಟಿ ಮಂಡಳಿ ಮಾಡುವ ಸ್ಥಳೀಯ ಕಾನೂನು) ಹೆಸರಿಸಿ. ತುರ್ತು ಕಾರ್ಯಾಚರಣೆ ನಡೆಸಿದ ಅಧಿಕಾರಿಗೇ ಇದನ್ನೂ ಕಟ್ಟಬೇಡಿ. ಅವರು ಸುಸ್ತಾಗಿರುತ್ತಾರೆ, ಸಾಲದ್ದಕ್ಕೆ ಮುಂದಿನ ಜೂನ್ 1ಕ್ಕೆ ಮತ್ತೆ ಬಿರುಗಾಳಿ ಋತು ಶುರು. ಪುನರ್ನಿರ್ಮಾಣದ ತಂಡ ಮೊದಲ ವಾರದಲ್ಲೇ ಪಕ್ಕದ ಕೋಣೆಯಲ್ಲಿ ಕೂತಿರಬೇಕು. ತಾತ್ಕಾಲಿಕ ಮನೆಗಳನ್ನು ಎಲ್ಲಿಡಬೇಕು, ಯಾವ ರಸ್ತೆ ಮೊದಲು ತೆರೆಯಬೇಕು ಅನ್ನುವ ಆ ವಾರದ ತೀರ್ಮಾನಗಳೇ ಮುಂದಿನ ಹತ್ತು ವರ್ಷದ ಊರಿನ ಆಕಾರವನ್ನು ಹಿಡಿದಿಡುತ್ತವೆ.

ಮೂರನೆಯದನ್ನು ಎಚ್ಚರಿಕೆಯಿಂದ ಓದಿ. ಹಳೆಯ ಯೋಜನೆಗಳಲ್ಲೆಲ್ಲ "ಹೆಚ್ಚು ಹಾನಿಯಾದ ಪ್ರದೇಶದಲ್ಲಿ ಕಟ್ಟಡ ಕೆಲಸಕ್ಕೆ ತಾತ್ಕಾಲಿಕ ತಡೆ ಹಾಕಿ, ಆ ಸಮಯದಲ್ಲಿ ಹೊಸ ನಿಯಮ ತರುವುದು" ಅಂತ ಇರುತ್ತದೆ. ನಿಮ್ಮ ಕರಡಿನಲ್ಲೂ ಇದ್ದರೆ ಅದು ಈಗ ನಡೆಯುವುದು ಕಷ್ಟ. 2025ರಲ್ಲಿ ರಾಜ್ಯ ತಂದ ಸೆನೆಟ್ ಬಿಲ್ 180, ಡೆಬಿ, ಹೆಲೀನ್, ಮಿಲ್ಟನ್ ಚಂಡಮಾರುತಗಳಿಗಾಗಿ ಕೇಂದ್ರ ಸರ್ಕಾರ ಮಾಡಿದ ವಿಪತ್ತು ಘೋಷಣೆಗೆ ಒಳಪಟ್ಟ ಕೌಂಟಿಗಳು 2027ರ ಅಕ್ಟೋಬರ್ 1ರವರೆಗೆ ಅಂಥ ತಡೆಯನ್ನಾಗಲಿ, ಹಿಂದಿಗಿಂತ ಬಿಗಿಯಾದ ಭೂಬಳಕೆ ನಿಯಮವನ್ನಾಗಲಿ ತರದಂತೆ ಕಟ್ಟಿಹಾಕಿತು. ಇಂದಿನ ಸ್ಥಿತಿಯನ್ನು ಕೌಂಟಿ ವಕೀಲರಿಂದ ಲಿಖಿತವಾಗಿ ಪಡೆಯಿರಿ. ನನ್ನ ದೃಷ್ಟಿಯಲ್ಲಿ ಇದು ಕೆಟ್ಟ ಕಾನೂನು. ಆದರೆ ಅದು ಇದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ಅಧ್ಯಾಯ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ.

ತಳಪಾಯ

ಯೋಜನೆಗಳು ಮುರಿದುಬೀಳುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಅದು 50% ನಿಯಮ. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ಫ್ಲಡ್ ಜೋನ್‌ನಲ್ಲಿರುವ, ಅಂದರೆ ನೆರೆ ನಕ್ಷೆಯಲ್ಲಿ ಅಪಾಯದ ಪ್ರದೇಶವೆಂದು ಗುರುತಾದ ಕಡೆಯ, ಕಟ್ಟಡವನ್ನು ಮೊದಲಿನ ಸ್ಥಿತಿಗೆ ತರಲು ಆಗುವ ಖರ್ಚು, ಹಾನಿಗೆ ಮುಂಚಿನ ಅದರ ಮಾರುಕಟ್ಟೆ ಬೆಲೆಯ ಅರ್ಧ ಅಥವಾ ಅದಕ್ಕಿಂತ ಹೆಚ್ಚಾದರೆ, ಆ ಕಟ್ಟಡ ಇಂದಿನ ನೆರೆ ನಿಯಮಕ್ಕೆ ಹೊಂದಲೇಬೇಕು. ಫ್ಲೋರಿಡಾದಲ್ಲಿ ಮನೆಗಳಿಗೆ ಅಂದರೆ ನಕ್ಷೆಯಲ್ಲಿರುವ ನೆರೆ ಮಟ್ಟಕ್ಕಿಂತ ಕನಿಷ್ಠ ಒಂದು ಅಡಿ ಮೇಲಕ್ಕೆ ಎತ್ತಬೇಕು, ಇಲ್ಲವೇ ಕೆಡವಿ ಕಟ್ಟಬೇಕು. ಬೆಲೆ ಅಂದರೆ ಕಟ್ಟಡದ್ದು ಮಾತ್ರ, ಜಾಗದ್ದು ಸೇರುವುದಿಲ್ಲ. ಜನ ಮೊದಲು ತಪ್ಪು ತಿಳಿಯುವುದು ಇಲ್ಲೇ. ಉದಾಹರಣೆಗೆ, ನೀರಿನಂಚಿನ ಹಳೆಯ ಮನೆ ಜಾಗ ಸೇರಿ 5 ಲಕ್ಷ ಡಾಲರ್ ಬೆಲೆಬಾಳುತ್ತದೆ, ಅದರಲ್ಲಿ ಕಟ್ಟಡದ ಪಾಲು 1.6 ಲಕ್ಷ ಅಂತಿಟ್ಟುಕೊಳ್ಳಿ. ದುರಸ್ತಿ 80 ಸಾವಿರ ಮುಟ್ಟಿತೋ ಮನೆ ಎತ್ತಲೇಬೇಕು. ಮೂರಡಿ ನೀರು ನಿಂತ ಮನೆಯಲ್ಲಿ ಗೋಡೆಯ ಡ್ರೈವಾಲ್, ವೈರಿಂಗ್, ಅಡುಗೆಮನೆಯ ಕ್ಯಾಬಿನೆಟ್, ನೆಲಹಾಸು, ಎಸಿ ಬದಲಿಸುವಷ್ಟರಲ್ಲಿ ಆ ಮೊತ್ತ ಸುಲಭವಾಗಿ ದಾಟುತ್ತದೆ.

ಖರ್ಚಿಗೆ ಸೇರುವುದು: ಸಾಮಗ್ರಿ, ಕೂಲಿ, ಕಂಟ್ರಾಕ್ಟರ್‌ನ ಲಾಭ. ಮನೆಯವರೇ ಮಾಡಿದ ಕೆಲಸಕ್ಕೂ ಸ್ವಯಂಸೇವಕರು ಪುಕ್ಕಟೆ ಮಾಡಿದ ಕೆಲಸಕ್ಕೂ ಮಾರುಕಟ್ಟೆ ಕೂಲಿ ಹಾಕಿಯೇ ಲೆಕ್ಕ ಮಾಡಬೇಕು. ಸೇರದಿರುವುದು: ಡೆಬ್ರಿ ತೆಗೆದ ಖರ್ಚು, ನಕ್ಷೆ ಮತ್ತು ಸರ್ವೆ ಶುಲ್ಕ, ಬೇಲಿ, ಅಂಗಳದ ಕೆಲಸ. ಹಾನಿ ನೀರಿನಿಂದಲೇ ಆಗಿರಬೇಕೆಂದೂ ಇಲ್ಲ. ಗಾಳಿ, ಬೆಂಕಿ ಯಾವುದರಿಂದ ಆದರೂ ನಿಯಮ ಒಂದೇ.

ಇದನ್ನು ನಿರ್ಧರಿಸುವುದು ಫೆಮಾ (ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ) ಅಲ್ಲ, ವಿಮಾ ಕಂಪನಿಯೂ ಅಲ್ಲ, ನೆರೆ ನಿಯಮ ಜಾರಿ ಮಾಡುವ ಸ್ಥಳೀಯ ಫ್ಲಡ್‌ಪ್ಲೇನ್ ಅಧಿಕಾರಿ. ಹಾಗಾಗಿ ಒತ್ತಡವೆಲ್ಲ ಅವರ ಮೇಲೆಯೇ. ಕಂಟ್ರಾಕ್ಟರ್ 49% ಬರುವಂತೆ ಎಸ್ಟಿಮೇಟ್ ಬರೆದುಕೊಡುತ್ತಾನೆ, ಒಂದು ಕೆಲಸವನ್ನು ಮೂರು ಪರ್ಮಿಟ್‌ಗೆ ಒಡೆಯುತ್ತಾರೆ, ಕೆಲವರು ಪರ್ಮಿಟ್ಟೇ ಇಲ್ಲದೆ ಗೋಡೆ ಮುಚ್ಚಿಬಿಡುತ್ತಾರೆ. ಕಚೇರಿ ಕಣ್ಣು ಮುಚ್ಚಿಕೊಂಡರೆ ಬೆಲೆ ತೆರುವುದು ಇಡೀ ಊರು. 2024ರ ವಸಂತದಲ್ಲಿ ಫೆಮಾ, ಲೀ ಕೌಂಟಿಗೂ ಅದರೊಳಗಿನ ಕೆಲವು ಊರುಗಳಿಗೂ ನೆರೆ ವಿಮೆಯ ಕಂತಿನಲ್ಲಿದ್ದ 25% ರಿಯಾಯಿತಿ ರದ್ದಾಗುತ್ತದೆಂದು ತಿಳಿಸಿತು. ಇಯಾನ್ ನಂತರದ ಪರ್ಮಿಟ್ ಇಲ್ಲದ ಕಾಮಗಾರಿ ಮತ್ತು ಸಾಲದ ದಾಖಲೆ ಅದು ಕೊಟ್ಟ ಕಾರಣ. ಹೆಚ್ಚಿನವರು ದಾಖಲೆ ಒದಗಿಸಿ ಉಳಿಸಿಕೊಂಡರು, ಫೋರ್ಟ್ ಮೈಯರ್ಸ್ ಬೀಚ್ ಕಳೆದುಕೊಂಡಿತು.

ಆದ್ದರಿಂದ ಯೋಜನೆಯಲ್ಲಿ ಇವು ಇರಲಿ. ಫ್ಲಡ್ ಜೋನ್‌ನ ಪ್ರತಿ ಕಟ್ಟಡದ ಕಟ್ಟಿದ ವರ್ಷ, ವಿಸ್ತೀರ್ಣ, ಜಾಗ ಬಿಟ್ಟ ಬೆಲೆ ಮತ್ತು ಸಿಕ್ಕಷ್ಟು ಮನೆಗಳ ನೆಲದ ಎತ್ತರ ಈಗಲೇ ಪಟ್ಟಿಯಾಗಿರಲಿ. ಮೌಲ್ಯಮಾಪನಕ್ಕೆ ಹೊರಗಿನ ಇನ್‌ಸ್ಪೆಕ್ಟರ್‌ಗಳನ್ನು ಕರೆಸುವ ಒಪ್ಪಂದಕ್ಕೆ ಮೊದಲೇ ಸಹಿಯಾಗಿರಲಿ. ಮನೆಯವರಿಗೆ ಹೋಗುವ ಪತ್ರದ ನಮೂನೆ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಸಿದ್ಧವಿರಲಿ. ಆ ಪತ್ರ ಬಂದರೆ ಜನ ಶಿಕ್ಷೆ ಅಂದುಕೊಳ್ಳುತ್ತಾರೆ. ಆದರೆ ರಾಷ್ಟ್ರೀಯ ನೆರೆ ವಿಮೆ ಇರುವವರಿಗೆ ಮನೆ ಎತ್ತಲು ಅಥವಾ ಕೆಡವಲು ಸಿಗುವ 30,000 ಡಾಲರ್‌ವರೆಗಿನ ಹೆಚ್ಚುವರಿ ಮೊತ್ತಕ್ಕೆ ಆ ಪತ್ರವೇ ಆಧಾರ. ಇದನ್ನು ಪತ್ರದ ಮೊದಲ ಪ್ಯಾರಾದಲ್ಲೇ ದಪ್ಪಕ್ಷರದಲ್ಲಿ ಹಾಕಿ.

ಖರ್ಚುವೆಚ್ಚ

ದುಡ್ಡಿನ ವಿಷಯ. ಕೇಂದ್ರದ ಸಾರ್ವಜನಿಕ ನೆರವು ಕೌಂಟಿಯ ರಸ್ತೆ, ಕಟ್ಟಡ, ನೀರಿನ ವ್ಯವಸ್ಥೆಗೆ ಬರುವಂಥದ್ದು. ಕನಿಷ್ಠ 75% ಅವರದು, ಉಳಿದದ್ದು ರಾಜ್ಯ ಮತ್ತು ಸ್ಥಳೀಯರದು. ಬಹುಪಾಲು ಇದು ಮರುಪಾವತಿ, ಅಂದರೆ ಮೊದಲು ಕೌಂಟಿ ಕೈಯಿಂದ ಹಾಕಿ ಆಮೇಲೆ ಬಿಲ್ಲು ಕೊಡಬೇಕು. ಖಜಾನೆಯಲ್ಲಿ ನಗದು ಎಷ್ಟಿದೆ, ಬ್ಯಾಂಕಿನ ಸಾಲದ ಮಿತಿ ಎಷ್ಟು ಅನ್ನುವುದು ನಿಮ್ಮ ಯೋಜನೆಯಲ್ಲಿ ಇಲ್ಲದಿದ್ದರೆ ಒಂದು ಪುಟ ಸೇರಿಸಿ. ಘೋಷಣೆಯಲ್ಲಿ ಕೌಂಟಿಯ ಹೆಸರು ಬಂದ 30 ದಿನದೊಳಗೆ ಅರ್ಜಿ ಹೋಗಬೇಕು.

ಡೆಬ್ರಿಯಲ್ಲಿ ಹಣ ಕಳೆದುಕೊಳ್ಳುವವರೇ ಹೆಚ್ಚು. ಲೆಕ್ಕ ನಡೆಯುವುದು ಕ್ಯೂಬಿಕ್ ಯಾರ್ಡ್‌ನಲ್ಲಿ. ಪ್ರತಿ ಲಾರಿಯ ಪೆಟ್ಟಿಗೆಯನ್ನು ಮೊದಲು ಅಳೆದು ನಂಬರ್ ಹಾಕಬೇಕು. ಪ್ರತಿ ಲೋಡಿನ ಟಿಕೆಟ್‌ನಲ್ಲಿ ಎತ್ತಿದ ಜಾಗ, ಸಮಯ, ಲಾರಿ ನಂಬರ್, ಎಷ್ಟು ಪಾಲು ತುಂಬಿತ್ತು ಅನ್ನುವುದು ಇರಬೇಕು. ಎತ್ತುವ ಕಂಪನಿ ಮತ್ತು ಎಣಿಸುವ ಕಂಪನಿ ಒಂದೇ ಆಗಬಾರದು. ಟೆಂಡರನ್ನು ಬಿರುಗಾಳಿಗೆ ಮುಂಚೆಯೇ ಮುಗಿಸಿ. ಖರ್ಚಿನ ಮೇಲೆ ಶೇಕಡಾವಾರು ಲಾಭ ಅನ್ನುವ ಬಗೆಯ ಕರಾರು ನಿಷಿದ್ಧ, ಆಡಿಟ್‌ನಲ್ಲಿ ಸಿಕ್ಕರೆ ವರ್ಷಗಳ ನಂತರವೂ ಹಣ ವಾಪಸ್ ಕೇಳುತ್ತಾರೆ. ಡೆಬ್ರಿ ಸುರಿಯುವ ಜಾಗಗಳಿಗೆ ರಾಜ್ಯದ ಪರಿಸರ ಇಲಾಖೆಯ ಪೂರ್ವಾನುಮತಿಯನ್ನೂ ಮೊದಲೇ ತೆಗೆದಿಡಬಹುದು.

ಮನೆಗಳ ವಿಷಯಕ್ಕೆ ಬಂದರೆ, ಫೆಮಾ ಕುಟುಂಬಕ್ಕೆ ವಸತಿಗೆಂದು ಕೊಡುವ ಗರಿಷ್ಠ ಮೊತ್ತ 2025ರ ಆರ್ಥಿಕ ವರ್ಷದಲ್ಲಿ 43,600 ಡಾಲರ್. ಬಹಳ ಮಂದಿಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಉಳಿದ ಅಂತರ ತುಂಬುವ ದೊಡ್ಡ ಹಣ ಕೇಂದ್ರ ವಸತಿ ಇಲಾಖೆಯ ವಿಪತ್ತು ಬ್ಲಾಕ್ ಗ್ರಾಂಟ್ (ಇಡುಗಂಟಿನ ಅನುದಾನ). ಅದು ತಾನಾಗಿ ಬರುವುದಿಲ್ಲ, ಪ್ರತಿಸಲ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಂಜೂರು ಮಾಡಬೇಕು. ಲೀ ಕೌಂಟಿಗೆ ಇದರಲ್ಲಿ ಸುಮಾರು 110 ಕೋಟಿ ಡಾಲರ್ ಹಂಚಿಕೆಯಾದದ್ದು 2023ರ ಮಾರ್ಚ್‌ನಲ್ಲಿ, ಇಯಾನ್ ಬಂದ ಆರು ತಿಂಗಳಿಗೆ. ಅದಾದ ಮೇಲೂ ಕ್ರಿಯಾ ಯೋಜನೆ ಬರೆಯಬೇಕು, ಜನರ ಅಭಿಪ್ರಾಯ ಕೇಳಬೇಕು, ಇಲಾಖೆ ಒಪ್ಪಬೇಕು, ಆಮೇಲೆ ಅರ್ಜಿ ಕರೆಯಬೇಕು. ಸಾಮಾನ್ಯವಾಗಿ 70% ಹಣ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಹೋಗಬೇಕೆಂಬ ಷರತ್ತೂ ಇರುತ್ತದೆ.

ಒಂದೇ ನಷ್ಟಕ್ಕೆ ಎರಡು ಕಡೆ ಹಣ ಪಡೆಯುವಂತಿಲ್ಲ. ದುರಸ್ತಿಗೆ 1.5 ಲಕ್ಷ ಬೇಕು, ವಿಮೆಯಿಂದ 80 ಸಾವಿರ, ಫೆಮಾದಿಂದ 20 ಸಾವಿರ ಬಂದಿದ್ದರೆ ಗ್ರಾಂಟಿನಲ್ಲಿ 50 ಸಾವಿರಕ್ಕಿಂತ ಹೆಚ್ಚು ಸಿಗದು. ಫೆಮಾ ಕೊಟ್ಟದ್ದನ್ನು ಬಾಡಿಗೆಗೋ ಊಟಕ್ಕೋ ಖರ್ಚು ಮಾಡಿ ರಸೀದಿ ಇಡದವರು ಎರಡು ವರ್ಷದ ಮೇಲೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. "ರಸೀದಿ ಎಸೆಯಬೇಡಿ" ಅನ್ನುವ ಸೂಚನೆ ಮೊದಲ ವಾರದ ಕರಪತ್ರದಲ್ಲೇ ಇರಲಿ.

ಗಲ್ಫ್‌ತೀರ

ತುಂಬ ಉಪಕಾರವಾಯಿತು. ಇನ್ನೊಂದು ಪ್ರಶ್ನೆ. ಪದೇ ಪದೇ ಮುಳುಗುವ ಒಂದು ಬಡಾವಣೆಯನ್ನು ಕೌಂಟಿಯೇ ಕೊಂಡು ಖಾಲಿ ಬಿಡಬೇಕೆಂದು ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಅಲ್ಲಿ ಒಂದು ಮೊಬೈಲ್ ಹೋಮ್ ಪಾರ್ಕ್ (ಕಾರ್ಖಾನೆಯಲ್ಲಿ ಮಾಡಿ ತಂದಿಟ್ಟ ಮನೆಗಳ ಬಡಾವಣೆ) ಕೂಡ ಇದೆ. ಇದು ಆಗುವ ಮಾತೇ?

ನಕ್ಷೆಮನೆ

ಆಗುತ್ತದೆ, ಆದರೆ ನಿಧಾನ. ಹಣದ ದಾರಿ ಹಾನಿ ತಗ್ಗಿಸುವ ಅನುದಾನ. ಘೋಷಣೆಯಾದ 15 ತಿಂಗಳೊಳಗೆ ಅರ್ಜಿ ಹಾಕಬೇಕು, 25% ಕೇಂದ್ರೇತರ ಪಾಲು ಹೊಂದಿಸಬೇಕು (ಬ್ಲಾಕ್ ಗ್ರಾಂಟ್ ಹಣವನ್ನು ಆ ಪಾಲಿಗೆ ಬಳಸಬಹುದು). ಮಾಲೀಕರು ಸ್ವಇಚ್ಛೆಯಿಂದ ಮಾರಬೇಕು, ಬಲವಂತದ ಭೂಸ್ವಾಧೀನಕ್ಕೆ ಇಲ್ಲಿ ಜಾಗವಿಲ್ಲ. ಕೊಂಡ ಜಾಗ ಶಾಶ್ವತವಾಗಿ ಬಯಲಾಗಿಯೇ ಇರಬೇಕೆಂಬ ಷರತ್ತು ಪತ್ರದಲ್ಲಿ ನೋಂದಣಿಯಾಗುತ್ತದೆ. ಮುಂದೆ ಯಾವ ಕಮಿಷನರ್ ಬಂದರೂ ಅಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಲಾಗದು.

ತೊಂದರೆ ಎರಡು. ಒಂದು ಮನೆ ಮಾರಿ, ಪಕ್ಕದವರು ಉಳಿದು, ಅದರಾಚೆಯವರು ಮಾರಿದರೆ ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯಂತಾಗುತ್ತದೆ ಬಡಾವಣೆ. ಒಂದು ಮನೆಗಾಗಿ ರಸ್ತೆ, ಚರಂಡಿ ಎಲ್ಲ ಉಳಿಸಬೇಕು, ತೆರಿಗೆ ಮಾತ್ರ ಇಳಿಯುತ್ತದೆ. ಆದ್ದರಿಂದ ಬಿಡಿ ಮನೆಗಳಿಗಲ್ಲ, ಬೀದಿಬೀದಿಯಾಗಿ ಕೊಳ್ಳಲು ಆದ್ಯತೆ ಕೊಡಿ. ಅಯೊವಾದ ಲಿನ್ ಕೌಂಟಿಯ ಸೀಡರ್ ರ್‍ಯಾಪಿಡ್ಸ್ ನಗರ 2008ರ ನೆರೆಯ ನಂತರ 1,300ಕ್ಕೂ ಹೆಚ್ಚು ಆಸ್ತಿಗಳನ್ನು ಕೊಂಡಿತು. ಎಲ್ಲಿ ನದಿಗೆ ಜಾಗ ಬಿಡುತ್ತೇವೆ, ಎಲ್ಲಿ ಒಡ್ಡು ಕಟ್ಟುತ್ತೇವೆ ಅನ್ನುವ ನಕ್ಷೆ ಜನರ ಮುಂದೆ ಇದ್ದದ್ದರಿಂದ ಅಷ್ಟು ದೊಡ್ಡ ಕೆಲಸ ಸಾಧ್ಯವಾಯಿತು ಅನ್ನುವುದು ನನ್ನ ಅಭಿಪ್ರಾಯ.

ಎರಡನೆಯದು ನೀವು ಹೇಳಿದ ಪಾರ್ಕ್. ಅಲ್ಲಿ ಮನೆ ಒಬ್ಬರದು, ಮನೆ ನಿಂತ ಜಾಗ ಇನ್ನೊಬ್ಬರದು. ಮಾಲೀಕ ಜಾಗ ಮಾರಿ ಹೊರಟರೆ ನಿವಾಸಿಗಳಿಗೆ ಉಳಿಯುವುದು ಎತ್ತಲಾಗದ ಹಳೆಯ ಮನೆ. ಬಾಡಿಗೆದಾರರಿಗೆ ಸ್ಥಳಾಂತರದ ನೆರವು ಕಾನೂನಿನ ಪ್ರಕಾರ ಬರಬೇಕು. ಅದರ ಮೊತ್ತವನ್ನು ಬಜೆಟ್‌ಗೆ ಮೊದಲೇ ಸೇರಿಸಿ, ಅವರು ಹೋಗಬಹುದಾದ ಕೈಗೆಟುಕುವ ಮನೆಗಳು ಅದೇ ಶಾಲಾ ವಲಯದಲ್ಲಿ ಎಲ್ಲಿವೆ ಎಂದು ಗುರುತಿಸಿ. ಇದಾಗದೆ ಪಾರ್ಕ್ ಖಾಲಿ ಮಾಡಿಸುವ ಪ್ರಸ್ತಾವಕ್ಕೆ ನೀವು ಕೈ ಎತ್ತಬೇಡಿ.

ನೆರೆಹೊರೆ

ಸ್ವಯಂಸೇವಾ ಸಂಸ್ಥೆಗಳ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಎರಡು ಮಾತು. ಕೌಂಟಿಯಲ್ಲಿ ದೀರ್ಘಾವಧಿ ಚೇತರಿಕೆ ಗುಂಪು ಇದೆಯೇ ನೋಡಿ. ಚರ್ಚು, ದೇವಸ್ಥಾನ, ಆಹಾರ ಬ್ಯಾಂಕು, ದಾನಿ ಸಂಸ್ಥೆಗಳೆಲ್ಲ ಒಂದೇ ಮೇಜಿನಲ್ಲಿ ಕೂತು, ವಿಮೆ ಮತ್ತು ಸರ್ಕಾರದ ನೆರವು ಮುಗಿದ ಮೇಲೂ ಮನೆ ಸರಿಯಾಗದವರ ಪ್ರಕರಣಗಳನ್ನು ಒಂದೊಂದಾಗಿ ಎತ್ತಿಕೊಳ್ಳುವ ವ್ಯವಸ್ಥೆ ಅದು. ಒಬ್ಬರು ಸಾಮಗ್ರಿ, ಒಬ್ಬರು ಕೆಲಸಗಾರರು, ಒಬ್ಬರು ಹಣ ಅಂತ ಹಂಚಿಕೊಳ್ಳುತ್ತಾರೆ. ಕನ್ನಡ ಕೂಟಗಳು ಬಟ್ಟೆ ಮೂಟೆ ಕಳಿಸುವ ಬದಲು ಈ ಮೇಜಿಗೆ ಹಣ ಕೊಡುವುದು ಎಷ್ಟೋ ಮೇಲು. ಬಟ್ಟೆಗೆ ಗೋದಾಮು ಹುಡುಕುವುದೇ ಒಂದು ಕೆಲಸವಾಗುತ್ತದೆ.

ತಳಪಾಯ ಅವರು ಹೇಳಿದ ಪುಕ್ಕಟೆ ದುಡಿಮೆಗೆ ಇನ್ನೊಂದು ಲೆಕ್ಕವೂ ಇದೆ. ಕೌಂಟಿಯ ಅರ್ಹ ಕೆಲಸದಲ್ಲಿ ಸ್ವಯಂಸೇವಕರು ದುಡಿದ ಗಂಟೆಗಳ ಮೌಲ್ಯವನ್ನು ಸಾರ್ವಜನಿಕ ನೆರವಿನ ಕೇಂದ್ರೇತರ ಪಾಲಿಗೆ ತೋರಿಸಬಹುದು. ಅದಕ್ಕೆ ಹಾಜರಿ ಹಾಳೆ ಬೇಕು: ಹೆಸರು, ದಿನಾಂಕ, ಬಂದ ಮತ್ತು ಹೋದ ಸಮಯ, ಜಾಗ, ಮಾಡಿದ ಕೆಲಸ, ಮೇಲ್ವಿಚಾರಕರ ಸಹಿ. ಈ ಹಾಳೆಯನ್ನು ಈಗಲೇ ಅಚ್ಚು ಹಾಕಿಸಿ ಕೂಟಗಳಿಗೆ, ಚರ್ಚುಗಳಿಗೆ ಕೊಟ್ಟಿರಿ. ಮೊದಲ ದಿನ ಬರೆದಿಡದ ಗಂಟೆಗಳು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ.