ಮೂತ್ರಕೋಶದ ಒಳಪದರದಲ್ಲಿ ಅಡಗುವ ಇ. ಕೋಲಿ

ಪ್ರಶ್ನೆ: ನಮ್ಮ ತಾಯಿಯವರಿಗೆ ಆ್ಯಂಟಿಬಯಾಟಿಕ್ ಪೂರ್ತಿ ಕೊಟ್ಟ ಮೇಲೂ ಮೂರೇ ವಾರದಲ್ಲಿ ಉರಿಮೂತ್ರ ಮರುಕಳಿಸಿದೆ. ಬ್ಯಾಕ್ಟೀರಿಯಾ ಎಲ್ಲಿ ಉಳಿದುಕೊಂಡಿರುತ್ತದೆ?

ಉತ್ತರ: ಇಂಥ ಸೋಂಕಿಗೆ ಸಾಮಾನ್ಯ ಕಾರಣವಾದ ಇ. ಕೋಲಿ ಬ್ಯಾಕ್ಟೀರಿಯಾದ ಮೈಮೇಲಿನ ಕೂದಲಿನಂಥ ಎಳೆಗಳ ತುದಿಯಲ್ಲಿರುವ ಫಿಮ್‌ಎಚ್ ಎಂಬ ಪ್ರೋಟೀನ್, ಒಳಪದರದ ಛತ್ರಿಯಾಕಾರದ ಕೋಶಗಳ ಮೇಲಿರುವ ಮ್ಯಾನೋಸ್ ಸಕ್ಕರೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ಮೂತ್ರದ ರಭಸಕ್ಕೂ ಅದು ಕೊಚ್ಚಿಹೋಗುವುದಿಲ್ಲ. ಬಳಿಕ ಕೋಶದೊಳಕ್ಕೇ ನುಗ್ಗಿ, ಅಲ್ಲಿ ಸಾವಿರಾರು ಸಂಖ್ಯೆಯಲ್ಲಿ ಒತ್ತೊತ್ತಾಗಿ ಬೆಳೆಯುತ್ತದೆ.

ಇನ್ನೊಂದು ಉತ್ತರ: ಸೋಂಕಿತ ಕೋಶಗಳನ್ನು ಮೂತ್ರಕೋಶ ತಾನೇ ಉದುರಿಸಿ ಹೊರಹಾಕುತ್ತದೆ. ಇದು ಒಳ್ಳೆಯ ರಕ್ಷಣೆಯೇ ಹೌದಾದರೂ, ಇದರಿಂದ ಕೆಳಗಿನ ಎಳೆಯ ಕೋಶಗಳು ಬಯಲಾಗಿ, ಅವುಗಳೊಳಗೆ ಕೆಲವು ಬ್ಯಾಕ್ಟೀರಿಯಾಗಳು ನಿದ್ರಿಸುವಂತೆ ವಾರಗಟ್ಟಲೆ ಅಡಗಿರುವುದು ಇಲಿಗಳಲ್ಲಿ ಕಂಡುಬಂದಿದೆ. ಆದರೆ ಕರುಳಿನಿಂದ ಹೊಸದಾಗಿ ಬಂದ ಸೋಂಕೂ ಇರಬಹುದಾದ್ದರಿಂದ, ಮೂತ್ರದ ಕಲ್ಚರ್ ಪರೀಕ್ಷೆಯನ್ನು (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಖಂಡಿತ ಮಾಡಿಸಿ.

ಪ್ರಶ್ನಿಸಿದವರು: ಧನ್ಯವಾದಗಳು. ಮುಂದಿನ ಔಷಧಿ ಆರಂಭಿಸುವ ಮೊದಲೇ ಮಾದರಿ ಕೊಡಿಸುತ್ತೇನೆ.