ಚಾರ್ಜರ್ ಪಿನ್ ಕೈ ಸುಡುವಷ್ಟು ಬಿಸಿ: ತಪ್ಪು ಚಾರ್ಜರ್‌ದಾ, ಲ್ಯಾಪ್‌ಟಾಪ್‌ದಾ?

ಸಾಗರದ_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಐದಾರು ವರ್ಷ ಹಳೇ ಲ್ಯಾಪ್‌ಟಾಪ್. ಜೊತೆಗೆ ಬಂದ ಚಾರ್ಜರ್ರೇ ಇದೆ, 19.5 ವೋಲ್ಟ್, 3.34 ಆಂಪಿಯರ್. ದುಂಡು ಪಿನ್, ನಡುವೆ ಸೂಜಿಯಂಥ ಕಡ್ಡಿ. ಈಚೆಗೆ ಚಾರ್ಜಿಗೆ ಹಾಕ್ಕೊಂಡು ಕೆಲಸ ಮಾಡಿದ್ರೆ ಪಿನ್ ಚುಚ್ಚೋ ಜಾಗ ಮುಟ್ಟಕ್ಕಾಗಲ್ಲ. ಅಡಾಪ್ಟರ್ ಡಬ್ಬಿ ಮಾತ್ರ ಎಂದಿನಷ್ಟೇ ಬೆಚ್ಚಗಿರುತ್ತೆ. ವೈರ್ ಅಲ್ಲಾಡಿದ್ರೆ ಚಾರ್ಜಿಂಗ್ ಹೋಗಿ ಬಂದು ಮಾಡುತ್ತೆ. ರಿಪೇರಿಯವರು ಪಿನ್ನಿಗೆ ಮಲ್ಟಿಮೀಟರ್ ಇಟ್ಟು, "19.6 ತೋರಿಸ್ತಿದೆ, ಚಾರ್ಜರ್ ಸರಿ ಇದೆ. ಮದರ್‌ಬೋರ್ಡ್ ಜಾಸ್ತಿ ಕರೆಂಟ್ ಎಳೀತಿದೆ" ಅಂದ್ರು. ಬೋರ್ಡಿನ ರೇಟ್ ಕೇಳಿ ಸುಮ್ಮನೆ ವಾಪಸ್ ಬಂದೆ. ಅವರು ಹೇಳಿದ್ದು ನಿಜವಾ?

ಜುಗಾಡ್_ಜಗ್ಗ:
ಇದಕ್ಕಿಂತ ದೊಡ್ಡ, 90 ವ್ಯಾಟ್ ಚಾರ್ಜರ್ ಹಾಕಿ ನೋಡಿ ಸರ್. ಪಿನ್ನನ್ನ ಸ್ಯಾಂಡ್‌ಪೇಪರಲ್ಲಿ ಸ್ವಲ್ಪ ಉಜ್ಜಿದ್ರೂ ಆಗುತ್ತೆ.

ಬೆಸುಗೆ_ಭಟ್ಟ:
ಜಗ್ಗಣ್ಣ, ಎರಡೂ ಬೇಡ. 90 ವ್ಯಾಟಿಂದು ಹಾಕಿದ್ರೂ ಲ್ಯಾಪ್‌ಟಾಪ್ ತನಗೆ ಬೇಕಾದಷ್ಟೇ ಎಳೆಯೋದು, ಬಿಸಿ ಹಾಗೇ ಇರುತ್ತೆ. ಸ್ಯಾಂಡ್‌ಪೇಪರ್ ಹಾಕಿದ್ರೆ ಮೇಲಿನ ಲೇಪ ಕಿತ್ತುಬಂದು ಇನ್ನೂ ಬೇಗ ಕಿಲುಬು ಹಿಡಿಯುತ್ತೆ.

ಮೇಷ್ಟ್ರೇ, ಬೋರ್ಡ್ ಅಷ್ಟೊಂದು ಎಳೀತಿದ್ರೆ ಡಬ್ಬಿಯೂ ಕಾಯ್ಬೇಕಿತ್ತು, ಇಲ್ಲಾ ಚಾರ್ಜರ್ರೇ ಕಟ್ ಆಗ್ಬೇಕಿತ್ತು. ನಿಮ್ಮಲ್ಲಿ ಕಾಯ್ತಿರೋದು ಕೂಡುವ ಜಾಗ ಒಂದೇ. ಅಂದ್ರೆ ಪಿನ್ನಿಗೂ ಜ್ಯಾಕಿಗೂ (ಲ್ಯಾಪ್‌ಟಾಪಲ್ಲಿ ಪಿನ್ ಚುಚ್ಚೋ ತೂತು) ಹಿಡಿತ ತಪ್ಪಿದೆ. ಲೆಕ್ಕ ಹಾಕಿ: ಬಿಸಿ ಅಂದ್ರೆ ಕರೆಂಟಿನ ವರ್ಗ ಗುಣಿಸು ರೋಧ (ಕರೆಂಟಿಗೆ ಬೀಳೋ ತಡೆ). ಕಾಂಟ್ಯಾಕ್ಟ್ ಚೆನ್ನಾಗಿದ್ದು ರೋಧ 0.02 ಓಮ್ ಇದ್ರೆ ಪೂರ್ತಿ 3.34 ಆಂಪಿಯರಿಗೂ ಕಾಲು ವ್ಯಾಟ್ ದಾಟಲ್ಲ. ಅದೇ 0.3 ಓಮ್ ಆದ್ರೆ ಮೂರು ವ್ಯಾಟಿಗೂ ಮೇಲೆ, ಅದೂ ಕಡಲೆಕಾಳಿನಷ್ಟು ಜಾಗದಲ್ಲಿ! ಕಾದಷ್ಟೂ ಜ್ಯಾಕಿನ ಒಳಗಿನ ಸ್ಪ್ರಿಂಗ್ ಎಲೆ ಬಿಗಿ ಕಳ್ಕೊಳ್ಳುತ್ತೆ, ರೋಧ ಇನ್ನೂ ಏರುತ್ತೆ.

ಅಂಗಡಿಯವರ 19.6 ಸುಳ್ಳಲ್ಲ, ಆದ್ರೆ ಉಪಯೋಗವಿಲ್ಲ. ಮೀಟರ್ ಹೆಚ್ಚುಕಮ್ಮಿ ಕರೆಂಟೇ ಎಳೆಯಲ್ಲ, ವೋಲ್ಟೇಜ್ ಎಲ್ಲಿಂದ ಬೀಳಬೇಕು? ಲೋಡ್ ಇರುವಾಗ, ಅಂದ್ರೆ ಲ್ಯಾಪ್‌ಟಾಪ್ ಕರೆಂಟ್ ಎಳೀತಿರುವಾಗ ಅಳೆಯಬೇಕು.

ಈಗ ಗೋಡೆ ಸ್ವಿಚ್ ಆಫ್ ಮಾಡಿ, ತಣ್ಣಗಾದ ಮೇಲೆ ಟಾರ್ಚ್ ಬಿಟ್ಟು ಪಿನ್ನನ್ನೂ ಜ್ಯಾಕನ್ನೂ ನೋಡಿ ಬರೀರಿ. ಪಿನ್ನಿನ ಹಿಂದೆ ವೈರ್ ಬಾಗೋ ಕತ್ತನ್ನೂ ಒತ್ತಿ ನೋಡಿ. ಬಿಸಿ ಅಲ್ಲೇ ಇದ್ದಿದ್ರೆ ಒಳಗೆ ಎಳೆಗಳು ತುಂಡಾಗಿವೆ ಅಂತ, ಆಗ ಚಾರ್ಜರ್ ಬದಲಾಯಿಸಿದ್ರೆ ಸಾಕು.

ಸಾಗರದ_ಮೇಷ್ಟ್ರು:
ನೋಡಿದೆ. ಕತ್ತು ಗಟ್ಟಿಯಾಗಿದೆ. ಪಿನ್ನಿನ ಒಳಗೋಡೆ ಒಂದು ಪಕ್ಕ ಕಂದು ತಿರುಗಿದೆ. ಜ್ಯಾಕಿನ ಬಾಯಿಯ ಪ್ಲಾಸ್ಟಿಕ್ ಬಳೆ ಅದೇ ಪಕ್ಕಕ್ಕೆ ಕರಗಿ ವಾಲಿದೆ. ಪಿನ್ ಹಾಕಿದ್ರೆ ಮೊದಲಿನ ಥರ ಟಕ್ ಅಂತ ಕೂರಲ್ಲ.

ಬೆಸುಗೆ_ಭಟ್ಟ:
ಅಲ್ಲಿಗೆ ಮುಗೀತು, ಜ್ಯಾಕ್ ಹೋಗಿದೆ. ಬೋರ್ಡಿನ ಸುದ್ದಿಗೆ ಹೋಗಬೇಡಿ. ತಳದ ಮುಚ್ಚಳ ಬಿಚ್ಚಿಸಿ. ಬಹಳಷ್ಟು ಮಾಡೆಲ್‌ಗಳಲ್ಲಿ ಜ್ಯಾಕ್ ಒಂದು ಗೇಣು ವೈರಿನ ತುದೀಲಿರುತ್ತೆ, ಇನ್ನೊಂದು ತುದಿ ಬೋರ್ಡಿಗೆ ಸಿಕ್ಕಿಸಿರುತ್ತೆ. ಹಾಗಿದ್ರೆ ಬ್ಯಾಟರಿ ಕನೆಕ್ಟರ್ ತೆಗೆದು ಅದನ್ನ ಕಿತ್ತು ಹೊಸದು ಹಾಕೋದಷ್ಟೇ, ಬೆಸುಗೆ ಬೇಡ. ವೈರಿನ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದಿಟ್ಕೊಳ್ಳಿ, ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ಕೇಳೋಕೂ ಆನ್‌ಲೈನಲ್ಲಿ ಹುಡುಕೋಕೂ ಅದೇ ಬೇಕು. ಬೋರ್ಡಿಗೇ ಬೆಸೆದಿದ್ರೆ ಕೈ ಪಳಗಿದವರಿಗೆ ಕೊಡಿ.

ಅಲ್ಲೀವರೆಗೆ ಲ್ಯಾಪ್‌ಟಾಪ್ ಆಫ್ ಮಾಡಿ, ಮೇಜಿನ ಮೇಲಿಟ್ಟು, ನೀವು ಎದುರಿಗಿದ್ದಾಗ ಮಾತ್ರ ಚಾರ್ಜ್ ಮಾಡಿ. ಸುಟ್ಟ ವಾಸನೆ ಬಂದ್ರೆ ಅದೂ ಬೇಡ.

ಸಾಗರದ_ಮೇಷ್ಟ್ರು:
ಧನ್ಯವಾದ ಭಟ್ರೇ. ಹೊಸ ಜ್ಯಾಕಿಗೆ ಹಳೇ ಚಾರ್ಜರ್ ಹಾಕ್ಬಹುದಾ? ಡಬ್ಬಿ ಚೆನ್ನಾಗೇ ಇದೆಯಲ್ಲ.

ಬೆಸುಗೆ_ಭಟ್ಟ:
ಹಾಗೇ ಹಾಕಬೇಡಿ. ಸುಟ್ಟ ಪಿನ್ ಹೊಸ ಜ್ಯಾಕನ್ನೂ ಸುಡುತ್ತೆ. ಜ್ಯಾಕ್ ಬದಲಾಯಿಸಿದ್ರೂ ತಿಂಗಳೊಳಗೆ ಮತ್ತೆ ಬಿಸಿ ಅಂತ ಬರೋರ ಕಥೆ ಹೆಚ್ಚಾಗಿ ಇದೇ. ಡಬ್ಬಿ ಬಿಸಾಕೋದೇನೂ ಬೇಡ, ಪಿನ್ ಸಮೇತ ಸಿಗೋ ಹೊಸ ವೈರ್ ಬೆಸೆಸಿ. ನಿಮ್ಮದರಲ್ಲಿ ನಡುವಿನ ಸೂಜಿ ಕರೆಂಟಿಗಲ್ಲ, ಚಾರ್ಜರ್ ಎಷ್ಟು ವ್ಯಾಟಿಂದು ಅಂತ ಲ್ಯಾಪ್‌ಟಾಪಿಗೆ ತಿಳಿಸೋಕೆ. ಹಾಗಾಗಿ ಮೂರು ಎಳೆಯ ವೈರೇ ತಗೊಳ್ಳಿ. ಆ ಎಳೆ ಬಿಟ್ರೆ ಚಾರ್ಜರ್ ಗುರುತು ಸಿಗದೆ ಬ್ಯಾಟರಿ ಚಾರ್ಜ್ ಆಗದೇ ಇರಬಹುದು, ಲ್ಯಾಪ್‌ಟಾಪೂ ನಿಧಾನ ಆಗಬಹುದು.