ಪದಚರ್ಚೆ: ‘ಟೆಲಿಫೋಟೊ ಝೂಮ್ ಲೆನ್ಸ್’ – ಎರಡು ಗುಣ, ಎರಡು ಪದ ಬೇಕಾಗಿದೆ (ತುರ್ತು)

ಬಳಗದ ಹಿರಿಯರಿಗೆ ಶಿವಮೊಗ್ಗದಿಂದ ನಮಸ್ಕಾರ.

ಹೊಸದಾಗಿ ಕ್ಯಾಮೆರಾ ಹಿಡಿದವರಿಗಾಗಿ ನಾವು ಕೆಲವರು ಸೇರಿ ಎರಡು ಪುಟದ ಕರಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಶುಕ್ರವಾರ ಅದು ಅಚ್ಚಿಗೆ ಹೋಗಬೇಕು, ಭಾನುವಾರ ಮಂಡಗದ್ದೆಯ ಹಕ್ಕಿಧಾಮದಲ್ಲಿ ಹಂಚಬೇಕು. ದೂರದ್ದನ್ನು ದೊಡ್ಡದಾಗಿ ಹಿಡಿಯುವ ಮೊದಲ ಟೆಲಿಫೋಟೊ ಝೂಮ್ ಲೆನ್ಸನ್ನು ಆರಿಸಿಕೊಳ್ಳುವುದು ಹೇಗೆ ಎಂಬುದು ವಿಷಯ. ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ನಮ್ಮ ಕಡೆ ಉದ್ದನೆಯ ಲೆನ್ಸ್ ಯಾವುದಾದರೂ ಅದರ ಹೆಸರು ‘ಝೂಮ್’. ಮಾತಿನ ಈ ಸಡಿಲದಿಂದ ದುಡ್ಡು ಹಾಳಾಗುತ್ತಿದೆ. ಕಳೆದ ಮಳೆಗಾಲದಲ್ಲಿ ನಮ್ಮೊಡನೆ ಬಂದ ಹುಡುಗನೊಬ್ಬ, ಅಂಗಡಿಯಲ್ಲಿ ‘ಹಕ್ಕಿ ತೆಗೆಯಲು ಒಳ್ಳೆಯ ಝೂಮ್ ಕೊಡಿ’ ಎಂದು ಕೇಳಿ, 70-300ರದ್ದು ನಾಲ್ಕು ಪಟ್ಟು ಚಿಲ್ಲರೆ, 18-135ರದ್ದು ಏಳೂವರೆ ಪಟ್ಟು ಎಂಬ ಲೆಕ್ಕವನ್ನು ನಂಬಿ ಎರಡನೆಯದನ್ನೇ ತಂದಿದ್ದ. ತುಂಗೆಯ ನಡುಗಡ್ಡೆಯ ಮರದಲ್ಲಿ ಕೂತಿದ್ದ ಬೆಳ್ಳಕ್ಕಿ ಅವನ ಚಿತ್ರದಲ್ಲಿ ಬರೀ ಅಕ್ಕಿಕಾಳಾಗಿ ಬಂತು. ಝೂಮ್ ಎಂದರೆ ಸಂಗಮದೂರವನ್ನು (ಲೆನ್ಸು ದೂರದ ಕಿರಣಗಳನ್ನು ಒಂದೆಡೆ ಕೂಡಿಸುವ ದೂರ, ಇಂಗ್ಲಿಷಿನ ಫೋಕಲ್ ಲೆಂಗ್ತ್; 70-300ರಂಥ ಸಂಖ್ಯೆಗಳು ಹೇಳುವುದು ಇದನ್ನೇ, ಮಿಲಿಮೀಟರುಗಳಲ್ಲಿ) ಬದಲಿಸಬಲ್ಲದ್ದು ಎಂದಷ್ಟೇ ಅರ್ಥ. ದೂರದ್ದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಕೊನೆಯ ಸಂಖ್ಯೆಗೆ ಬಿಟ್ಟ ವಿಚಾರ. ಝೂಮ್ ಆಗದ, 300 ಮಿಲಿಮೀಟರಿಗೇ ನಿಂತ ಲೆನ್ಸೂ ಟೆಲಿಫೋಟೊವೇ.

‘ದೂರದರ್ಶಕ’ವನ್ನು ದುರ್ಬೀನಿಗೂ ‘ದೂರದರ್ಶನ’ವನ್ನು ಟೀವಿಗೂ ಈಗಾಗಲೇ ಕೊಟ್ಟುಬಿಟ್ಟಿದ್ದೇವೆ. ‘ದೂರಚಿತ್ರಕ ಮಸೂರ’ ಎಂದರೆ ನಡೆದೀತೇ?

ಸಾಗರದಿಂದ:

ನಡೆಯದು. ಲೆನ್ಸ್ ಎಂಬುದು ಲ್ಯಾಟಿನ್ನಿನಲ್ಲಿ ಮಸೂರದ, ಅಂದರೆ ನಮ್ಮ ಚನ್ನಂಗಿಬೇಳೆಯ ಹೆಸರು; ಎರಡೂ ಕಡೆ ಉಬ್ಬಿದ ಗಾಜು ಆ ಕಾಳಿನಂತೆ ಕಂಡದ್ದರಿಂದ ಯುರೋಪಿನವರು ಹಾಗೆ ಕರೆದರು, ನಾವು ಅದನ್ನು ಸಂಸ್ಕೃತಕ್ಕೆ ತಿರುಗಿಸಿಕೊಂಡೆವು. ಹಾಗಾಗಿ ಪಠ್ಯಪುಸ್ತಕದ ‘ನಿಮ್ನ ಮಸೂರ’ ಎಂದರೆ ನಡುವೆ ಬತ್ತಿಹೋದ ಬೇಳೆ ಎಂದಾಯಿತು. ಟೆಲಿಫೋಟೊದ ಗುಟ್ಟು ಇರುವುದು ಆ ಬತ್ತಿದ ಬೇಳೆಯಲ್ಲೇ: ಮುಂದಿನ ಗುಂಪಿನ ಗಾಜುಗಳು ಕಿರಣಗಳನ್ನು ಕೂಡಿಸಲು ಹೊರಟಾಗ ಹಿಂದಿನ ನಿಮ್ನ ಗುಂಪು ಅವುಗಳ ಕೋನವನ್ನು ಕಿರಿದುಗೊಳಿಸುತ್ತದೆ, ಅದರಿಂದಲೇ ಕೊಳವೆಯು ತನ್ನ ಸಂಗಮದೂರಕ್ಕಿಂತ ಗಿಡ್ಡವಾಗಿರಲು ಸಾಧ್ಯವಾಗುತ್ತದೆ. 1891ರಲ್ಲಿ ಇಂಗ್ಲೆಂಡಿನ ಡಾಲ್‌ಮೇಯರ್ ಪೇಟೆಂಟ್ ಪಡೆದದ್ದು ಇಂಥ ಲೆನ್ಸಿಗೆ. ಕಟ್ಟುನಿಟ್ಟಾಗಿ ನೋಡಿದರೆ ಟೆಲಿಫೋಟೊ ಎಂಬುದರ ಅರ್ಥ ಈ ಗಿಡ್ಡತನ. ನಿಮ್ಮ ‘ದೂರಚಿತ್ರಕ’ ಅದನ್ನು ಎಲ್ಲಿ ಹೇಳುತ್ತದೆ?

ಜೊತೆಗೆ, ಇಂಗ್ಲಿಷಿನ ಆ ಧ್ವನಿ ಮಹಾಪ್ರಾಣವಲ್ಲ. ‘ಝೂಮ್’ ತಪ್ಪು, ‘ಜೂಮ್’ ಎಂದು ಬರೆಯಿರಿ.

ತೀರ್ಥಹಳ್ಳಿಯಿಂದ:

ಬೇಳೆಯ ಮಾತು ಸಾಕು. ಮಸೂರವೂ ಸಾಲ, ದೂರವೂ ಸಾಲ. ಹಳಗನ್ನಡದಲ್ಲಿ ದೂರಕ್ಕೆ ‘ಗೆಂಟು’ ಎಂಬ ಅಚ್ಚಗನ್ನಡ ಪದವಿದೆ. ‘ಗೆಂಟುಬಿಲ್ಲೆ’ ಎನ್ನಿ, ಝೂಮ್ ಇದ್ದರೆ ‘ಹಿಗ್ಗುವ ಗೆಂಟುಬಿಲ್ಲೆ’ ಎನ್ನಿ. ಬಳಸಿದರೆ ಬಳಕೆಗೆ ಬರುತ್ತದೆ. ಬಳಸದೆಯೇ ‘ಬಳಕೆಯಲ್ಲಿಲ್ಲ’ ಎನ್ನುವವರಿಗೆ ನನ್ನ ಉತ್ತರವಿಲ್ಲ.

ಹೊಸನಗರದಿಂದ:

ಅಂಗಡಿಯಲ್ಲಿ ‘ಗೆಂಟುಬಿಲ್ಲೆ ಕೊಡಿ’ ಎಂದರೆ ‘ಯಾವ ಗಂಟು ಮಾರಾಯ್ರೇ?’ ಎಂದು ಕೇಳಿಯಾರು. ಮೇಜು, ಕುರ್ಚಿಗಳು ಕನ್ನಡವಾದ ಹಾಗೆ ಲೆನ್ಸು ಸಹ ಲೆನ್ಸನ್ನು, ಲೆನ್ಸಿನಿಂದ, ಲೆನ್ಸಿಗೆ ಎಂದು ವಿಭಕ್ತಿ ಹಚ್ಚಿಕೊಂಡು ಕೂತಾಗಿದೆ; ಅದನ್ನು ಎಬ್ಬಿಸುವ ಅಗತ್ಯ ನನಗೆ ಕಾಣುವುದಿಲ್ಲ.

ನನ್ನ ತಕರಾರು ಬೇರೆ. ಇಂಥ ಬರಹಗಳಲ್ಲಿ ಕೈನಡುಕ ಸರಿದೂಗಿಸುವ ಸೌಲಭ್ಯವನ್ನು ‘ಸ್ಥಿರೀಕರಣ’ ಎನ್ನುವ ರೂಢಿಯಿದೆ. ನಿಕಾನ್ ಅದನ್ನು ವಿಆರ್ ಎನ್ನುತ್ತದೆ, ಕ್ಯಾನನ್ ಐಎಸ್ ಎನ್ನುತ್ತದೆ, ಟ್ಯಾಮ್ರಾನ್ ವಿಸಿ ಎನ್ನುತ್ತದೆ. ಮೂರೂ ತಡೆಯುವುದು ನಮ್ಮ ಕೈಯ ಅಲುಗಾಟವನ್ನು ಮಾತ್ರ. ಸ್ಥಿರೀಕರಣ ಎಂದು ಓದಿದವರು ರೆಕ್ಕೆ ಬಡಿಯುವ ಹಕ್ಕಿಯೂ ಸ್ಥಿರವಾಗಿ ಬರುತ್ತದೆ ಎಂದುಕೊಳ್ಳುತ್ತಾರೆ. ಅದಕ್ಕೆ ಬೇಕಾದದ್ದು ಷಟರಿನ (ಕ್ಯಾಮೆರಾದ ಪರದೆ ತೆರೆದು ಮುಚ್ಚುವ) ವೇಗ, ವೇಗಕ್ಕೆ ಬೇಕಾದದ್ದು ಬೆಳಕು. ಕೈಗೆಟಕುವ ಬೆಲೆಯ 70-300 ಲೆನ್ಸುಗಳಲ್ಲಿ 300ಕ್ಕೆ ಹೋಗುವಷ್ಟರಲ್ಲಿ ದ್ಯುತಿರಂಧ್ರ, ಅಂದರೆ ಬೆಳಕು ಒಳಬರುವ ಕಿಂಡಿ, ಸಾಮಾನ್ಯವಾಗಿ ಎಫ್ 5.6ಕ್ಕೋ 6.3ಕ್ಕೋ ಕಿರಿದಾಗುತ್ತದೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು). ಮಂಡಗದ್ದೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದೇ ಮೋಡ ಕವಿದ ಮಳೆಗಾಲದಲ್ಲಿ. ‘ಅಲುಗಾಟ ತಡೆ’ ಎಂದು ಬರೆಯಿರಿ, ಮುಂದೆ ‘ಕೈಯದ್ದು’ ಎಂದು ಸೇರಿಸಿ.

ಮತ್ತೆ ಶಿವಮೊಗ್ಗದಿಂದ:

ಎಲ್ಲರಿಗೂ ಕೃತಜ್ಞತೆಗಳು. ಸಾಗರದವರ ಮಾತಿನಿಂದ ನನಗೆ ಒಂದು ದಾರಿ ಸಿಕ್ಕಿತು, ಅವರು ತೋರಿಸಿದ ದಾರಿ ಅದಲ್ಲದಿದ್ದರೂ. ಇಂಥ ಝೂಮ್ ಲೆನ್ಸೊಂದರೊಳಗೆ ಸಾಮಾನ್ಯವಾಗಿ ಹತ್ತಕ್ಕೂ ಹೆಚ್ಚು ಗಾಜುಗಳಿರುತ್ತವೆ. ಆ ಒಂದೊಂದು ಗಾಜಿಗೆ ‘ಮಸೂರ’ವನ್ನೂ ಇಡೀ ಕೊಳವೆಗೆ ‘ಲೆನ್ಸು’ವನ್ನೂ ಹಂಚಿಬಿಟ್ಟರೆ ಎರಡೂ ಪದ ಉಳಿಯುತ್ತವೆ. ಸಂಗಮದೂರವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ: ತುಂಗೆ ಭದ್ರೆಯರು ಸೇರುವ ಕೂಡ್ಲಿಯನ್ನು ಕಂಡವರಿಗೆ ಕಿರಣಗಳ ಸಂಗಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೆಂಟು ಚೆಂದದ ಪದ, ಆದರೆ ಭಾನುವಾರದೊಳಗೆ ಅದನ್ನು ಬಳಕೆಗೆ ತರುವ ಶಕ್ತಿ ನನಗಿಲ್ಲ. ತೀರ್ಥಹಳ್ಳಿಯವರು ಕ್ಷಮಿಸಬೇಕು.

ಕರಪತ್ರದ ಮೊದಲ ಸಾಲುಗಳು ಈಗ ಹೀಗಿವೆ: ‘ಟೆಲಿಫೋಟೊ ಎಂದರೆ ದೂರದ್ದನ್ನು ದೊಡ್ಡದಾಗಿ ಹಿಡಿಯುವ ಲೆನ್ಸು. ಝೂಮ್ ಎಂದರೆ ಸಂಗಮದೂರವನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಲೆನ್ಸು. ಹಕ್ಕಿಗಾಗಿ ಕೊಳ್ಳುವವರು ಎಷ್ಟು ಪಟ್ಟು ಎಂದು ಕೇಳಬೇಡಿ. ಕೊನೆಯ ಸಂಖ್ಯೆ 300 ಇದೆಯೇ ನೋಡಿ.’ ಗಿಡ್ಡತನದ ವಿಚಾರ ಎರಡನೆಯ ಪುಟಕ್ಕೆ ಹೋಗಿದೆ. ಝೂಮ್ ಆಗದ್ದಕ್ಕೆ ‘ಒಂದೇ ಅಳತೆಯ ಲೆನ್ಸು’ ಎಂದು ಹಾಕಿದ್ದೇನೆ. ಆಕ್ಷೇಪವಿದ್ದವರು ನಾಳೆ ಮಧ್ಯಾಹ್ನದೊಳಗೆ ತಿಳಿಸಬೇಕು.

ಸಾಗರದಿಂದ:

‘ಝೂಮ್’ ಇನ್ನೂ ಹಾಗೆಯೇ ಇದೆ.